ಇಂಗ್ಲೆಂಡಲ್ಲಿ ಸೌದೆ ಸ್ಟವ್ ಹಾಕಿಸ್ಬೇಕು ಅಂತಿದೀರಾ? ಸ್ಮೋಕ್ ಕಂಟ್ರೋಲ್ ಏರಿಯಾದಲ್ಲಿ ಇರೋರು ದುಡ್ಡು ಕೊಡೋ ಮೊದಲು ಇದನ್ನ ಓದಿ

ಅಕ್ಟೋಬರ್ ಕೊನೆ ಬಂದು ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು ಅಂದ್ರೆ ಇಲ್ಲಿನ ನಮ್ಮೋರಲ್ಲಿ ಇದೇ ಪ್ರಶ್ನೆ ಶುರು. "ಮನೆ ತಗೊಂಡ್ವಿ, ಹಾಲಲ್ಲಿ ಹಳೇ ಫೈರ್‌ಪ್ಲೇಸ್ ಇದೆ, ಅದ್ರಲ್ಲೊಂದು ಲಾಗ್ ಬರ್ನರ್, ಅಂದ್ರೆ ಸೌದೆ ಸ್ಟವ್, ಕೂರಿಸೋಣ ಅಂತ, ಯಾವುದು ತಗೊಳ್ಳೋದು, ಕೌನ್ಸಿಲ್‌ನೋರು ಫೈನ್ ಹಾಕ್ತಾರಂತಲ್ಲ ನಿಜಾನಾ?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ಇದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಇರೋರು ಅಲ್ಲಿನ ನಿಯಮ ಬೇರೆ ನೋಡ್ಕೋಬೇಕು.

ಮೊದಲೇ ಒಂದು ಮಾತು. ಇಲ್ಲಿ ಸ್ಟವ್ ಅಂದ್ರೆ ಅಡುಗೆ ಮನೆ ಸ್ಟವ್ ಅಲ್ಲ, ಗಾಜಿನ ಬಾಗಿಲಿರೋ ಕಬ್ಬಿಣದ ಪೆಟ್ಟಿಗೆ, ಒಳಗೆ ಸೌದೆ ಉರಿಯತ್ತೆ, ಹೊಗೆ ಕೊಳವೆ ಚಿಮ್ಣಿ ಒಳಗಿಂದ ಮೇಲೆ ಹೋಗತ್ತೆ. ಇಂಗ್ಲಿಷ್ನೋರು ಆ ಕೊಳವೆ ದಾರೀನ ಫ್ಲೂ ಅಂತಾರೆ, ನಾನೂ ಹಾಗೇ ಬರೀತೀನಿ.

ಸ್ಮೋಕ್ ಕಂಟ್ರೋಲ್ ಏರಿಯಾ ಅಂದ್ರೆ ಹೊಗೆ ಬಿಡೋ ಹಾಗಿಲ್ಲ ಅಂತ ಕೌನ್ಸಿಲ್, ಅಂದ್ರೆ ಊರಿನ ಸ್ಥಳೀಯ ಆಡಳಿತ, ಘೋಷಣೆ ಮಾಡಿರೋ ಪ್ರದೇಶ. 1952ರ ಡಿಸೆಂಬರಲ್ಲಿ ಲಂಡನ್ ಮೇಲೆ ಐದು ದಿನ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರ್ಕೊಂಡು ಕೂತುಬಿಡ್ತು, ಆವಾಗಿನ ಲೆಕ್ಕದಲ್ಲೇ ನಾಲ್ಕು ಸಾವಿರ ಜನ ಸತ್ರು, ಆಮೇಲೆ ಮಾಡಿದ ಲೆಕ್ಕದಲ್ಲಿ ಹನ್ನೆರಡು ಸಾವಿರದವರೆಗೂ ಹೋಗತ್ತೆ. ಅದಾದ್ಮೇಲೆ 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂತು, ಅದರ ಸಂತಾನವೇ ಈ ಏರಿಯಾಗಳು. ಲಂಡನ್ನಿನ ಬಹುಪಾಲು, ಜೊತೆಗೆ ಬೇರೆ ದೊಡ್ಡ ಊರುಗಳ ಸುಮಾರು ಭಾಗ ಇದರೊಳಗೇ ಬರತ್ತೆ. ಚಿಮ್ಣಿಯಿಂದ ಹೊಗೆ ಬಿಟ್ರೆ 175ರಿಂದ 300 ಪೌಂಡ್ ದಂಡ, ಸ್ಟವ್‌ಗೆ ಅನುಮತಿ ಇಲ್ದೆ ಅದಕ್ಕೆ ಸೌದೆ ಥರದ್ದು ಕೊಂಡು ತಂದ್ರೆ 1000 ಪೌಂಡ್‌ವರೆಗೂ ಹೋಗ್ಬಹುದು.

ಇನ್ನೊಂದು ಕಹಿ ಸತ್ಯಾನೂ ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ಅಂಗಡಿಯೋರು ಇದನ್ನ ಹೇಳಲ್ಲ. ಎಷ್ಟೇ ಒಳ್ಳೇ ಸ್ಟವ್ ತಗೊಂಡ್ರೂ ಅದು ಗ್ಯಾಸ್ ಬಾಯ್ಲರ್ ಥರ ಶುದ್ಧ ಅಲ್ಲ. ಇಂಗ್ಲೆಂಡಿನ ಚೀಫ್ ಮೆಡಿಕಲ್ ಆಫೀಸರ್ 2022ರ ವರದಿಯಲ್ಲಿ ಕೊಟ್ಟ ಹೋಲಿಕೆ ಪ್ರಕಾರ ಈಗಿನ ಹೊಸ ಮಾದರಿ ಸ್ಟವ್ ಕೂಡ ಗ್ಯಾಸ್ ಹೀಟಿಂಗ್‌ಗಿಂತ ಸುಮಾರು 450 ಪಟ್ಟು ಸಣ್ಣ ಕಣ ಬಿಡತ್ತೆ. ಸಣ್ಣ ಕಣ ಅಂದ್ರೆ ಪಿಎಂ 2.5, ಕಣ್ಣಿಗೆ ಕಾಣಲ್ಲ, ನೇರ ಶ್ವಾಸಕೋಶದ ತಳಕ್ಕೇ ಹೋಗತ್ತೆ. ಮನೇಲಿ ಅಸ್ತಮಾ ಇರೋ ಮಗು ಇದ್ರೆ, ಊರಿಂದ ಬಂದ ಅತ್ತೆ-ಮಾವಂಗೆ ಉಬ್ಬಸ ಇದ್ರೆ, ನನ್ನ ಸಲಹೆ ಸ್ಟವ್ ಬೇಡ ಅಂತಾನೇ. ಅವರು ಮುಂದೆ ಓದೋದೂ ಬೇಕಾಗಿಲ್ಲ. ಉಳಿದೋರು ಬನ್ನಿ.

1. ನಿಮ್ಮ ಮನೆ ಆ ಏರಿಯಾದಲ್ಲಿ ಇದೆಯಾ ನೋಡಿ

ಕೌನ್ಸಿಲ್ ವೆಬ್‌ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿದ್ರೆ ಸಾಮಾನ್ಯವಾಗಿ ಗೊತ್ತಾಗತ್ತೆ, ಇಲ್ಲಾಂದ್ರೆ ಪರಿಸರ ಇಲಾಖೆ ಅಂದ್ರೆ ಡೆಫ್ರಾದವರ ಮ್ಯಾಪ್ ಇದೆ. ಪಕ್ಕದ ಮನೆಯೋರು ಉರಿಸ್ತಾರೆ ಅಂತ ನೀವೂ ಉರಿಸ್ಬಹುದು ಅಂದ್ಕೋಬೇಡಿ, ಅವರು ಅನುಮತಿ ಇರೋ ಸ್ಟವ್ ಇಟ್ಟಿರಬಹುದು, ಅಥವಾ ಇನ್ನೂ ಸಿಕ್ಕಿಬಿದ್ದಿಲ್ದೇ ಇರಬಹುದು.

ಫ್ಲಾಟ್ ಆದ್ರೆ, ಲೀಸ್‌ಹೋಲ್ಡ್ ಆದ್ರೆ, ಫ್ರೀಹೋಲ್ಡರ್ ಅಂದ್ರೆ ಜಾಗದ ಮೂಲ ಮಾಲೀಕರ ಒಪ್ಪಿಗೆ ಮೊದಲು. ಲಿಸ್ಟೆಡ್ ಬಿಲ್ಡಿಂಗ್ (ಕಾನೂನಿನ ರಕ್ಷಣೆ ಇರೋ ಹಳೇ ಕಟ್ಟಡ) ಅಥವಾ ಕನ್ಸರ್ವೇಶನ್ ಏರಿಯಾ (ಅಂಥದೇ ರಕ್ಷಣೆ ಇರೋ ಬಡಾವಣೆ) ಆಗಿದ್ದು ಹೊರಗೋಡೆಗೆ ಸ್ಟೀಲ್ ಕೊಳವೆ ಹಾಕ್ಸೋದಾದ್ರೆ ಪ್ಲಾನಿಂಗ್ ಇಲಾಖೆ ಹತ್ರಾನೂ ವಿಚಾರಿಸಿ. ಮನೆ ಇನ್ಶೂರೆನ್ಸ್‌ನೋರಿಗೂ ಒಂದು ಮಾತು ತಿಳಿಸಿ.

2. ಚಿಮ್ಣಿ ತೋರಿಸಿ, ಆಮೇಲೆ ಅಂಗಡಿಗೆ ಹೋಗಿ

ನಮ್ಮೋರು ಮಾಡೋದು ಉಲ್ಟಾ. ಶೋರೂಮಲ್ಲಿ ಚೆಂದ ಕಾಣ್ತು, ಬ್ಲ್ಯಾಕ್ ಫ್ರೈಡೇ ಡಿಸ್ಕೌಂಟ್ ಇತ್ತು ಅಂತ ಸ್ಟವ್ ತಂದು ಗರಾಜಲ್ಲಿಟ್ಟು ಆಮೇಲೆ ಚಿಮ್ಣಿ ಸ್ವೀಪ್‌ನ, ಅಂದ್ರೆ ಚಿಮ್ಣಿ ಕ್ಲೀನ್ ಮಾಡೋನನ್ನ, ಕರೀತಾರೆ. ಅವನು ಬಂದು ಮೇಲೆ ಕ್ಯಾಮೆರಾ ಬಿಟ್ಟು ನೋಡಿ, ನಡುವೆ ಇಟ್ಟಿಗೆ ಬಿದ್ದಿದೆ, ಹಕ್ಕಿ ಗೂಡಿದೆ, ಪಕ್ಕದ ಮನೆ ಚಿಮ್ಣಿಗೂ ಇದಕ್ಕೂ ನಡುವಿನ ಗೋಡೆ ಒಡೆದಿದೆ ಅಂತಾನೆ. ಸ್ಟವ್ ರೇಟು ಒಂದಾದ್ರೆ ಲೈನರ್, ಹಾರ್ತ್, ಕೂಲಿ ಎಲ್ಲಾ ಸೇರಿ ಅದಕ್ಕಿಂತ ಜಾಸ್ತಿ ಬರೋದು ಮಾಮೂಲಿ. ಲೈನರ್ ಅಂದ್ರೆ ಹಳೇ ಇಟ್ಟಿಗೆ ಚಿಮ್ಣಿ ಒಳಗೆ ಇಳಿಬಿಡೋ ಸ್ಟೇನ್‌ಲೆಸ್ ಸ್ಟೀಲ್ ಬಳುಕು ಕೊಳವೆ. ಹಾರ್ತ್ ಅಂದ್ರೆ ಸ್ಟವ್ ಕೂರೋ ಕಲ್ಲಿನ ಚಪ್ಪಡಿ. ಸ್ಟವ್ ತಳ 100 ಡಿಗ್ರಿ ದಾಟಲ್ಲ ಅಂತ ಮ್ಯಾನುವಲ್‌ನಲ್ಲಿ ಇದ್ರೆ 12 ಮಿಲಿಮೀಟರ್ ದಪ್ಪದ ಕಲ್ಲು ಸಾಕು, ಇಲ್ಲಾಂದ್ರೆ ದಪ್ಪ ಕಾಂಕ್ರೀಟ್ ಹಾರ್ತ್ ಬೇಕು, ಖರ್ಚು ಅಲ್ಲೇ ಏರತ್ತೆ.

ಫ್ಲೂ ಅಗಲ ಮಾಮೂಲಿಗೆ 150 ಮಿಲಿಮೀಟರ್, ಡೆಫ್ರಾ ಅನುಮತಿ ಇರೋ ಸ್ಟವ್ ಆದ್ರೆ (ಅದೇನು ಅಂತ 4ನೇ ಭಾಗದಲ್ಲಿದೆ) ತಯಾರಕರು ಒಪ್ಪಿದ್ರೆ 125 ನಡೆಯತ್ತೆ. ಎತ್ತರ ನಾಲ್ಕೂವರೆ ಮೀಟರ್ ಆದ್ರೂ ಇರಬೇಕು, ಇಲ್ಲಾಂದ್ರೆ ಎಳೆತ ಸಾಲದೆ ಬಾಗಿಲು ತೆಗೆದಾಗೆಲ್ಲ ಹೊಗೆ ನಿಮ್ಮ ಮುಖಕ್ಕೇ ಹೊಡೆಯತ್ತೆ.

3. ಸೈಜು: ಎಲ್ಲರೂ ಎಡವೋದು ಇಲ್ಲೇ

ಇಡೀ ಲೇಖನದಲ್ಲಿ ಒಂದೇ ವಿಷ್ಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ದೊಡ್ಡ ಸ್ಟವ್ ತಗೋಬೇಡಿ.

"ಚಳಿ ಜಾಸ್ತಿ, 8 ಕಿಲೋವ್ಯಾಟಿಂದೇ ಇರ್ಲಿ, ಬೇಕಾದ್ರೆ ಕಮ್ಮಿ ಮಾಡ್ಕೊಂಡ್ರಾಯ್ತು" ಅಂತಾರೆ. ಸೌದೆ ಸ್ಟವ್ ಗ್ಯಾಸ್ ಥರ ಸಿಮ್ಮಲ್ಲಿ ಇಡೋಕೆ ಬರಲ್ಲ ಸ್ವಾಮಿ. ಎಂಟರದ್ದು ತಂದು ಸಣ್ಣ ರೂಮಲ್ಲಿ ಉರಿಸಿದ್ರೆ ಅರ್ಧ ಗಂಟೇಲಿ ಬೆವರು ಇಳಿಯತ್ತೆ, ಆಗ ಏನ್ಮಾಡ್ತೀರಿ, ಸ್ಟವ್‌ನ ಗಾಳಿ ಕಿಂಡಿ ಮುಚ್ತೀರಿ. ಗಾಳಿ ಮುಚ್ಚಿದ ತಕ್ಷಣ ಉರಿ ಸತ್ತು ಸೌದೆ ಬರೀ ಹೊಗೆಯಾಡ್ತಾ ಕೂರತ್ತೆ, ಗಾಜು ಕಪ್ಪಾಗತ್ತೆ, ಕೊಳವೆ ಒಳಗೆ ಡಾಂಬರ್ ಥರ ಅಂಟು ಮಸಿ ಕೂರತ್ತೆ, ಅದಕ್ಕೆ ಕ್ರಿಯೋಸೋಟ್ ಅಂತಾರೆ, ಒಂದಿನ ಅದಕ್ಕೇ ಬೆಂಕಿ ಹತ್ತಿದ್ರೆ ಚಿಮ್ಣಿ ಫೈರ್. ನಮ್ಮೂರ ಹಳೇ ಅಡುಗೆ ಮನೆ ಅಟ್ಟದಲ್ಲಿ ಜೋತಾಡ್ತಿದ್ದ ಇಲ್ಲಣ ನೆನಪಿದೆಯಲ್ಲ, ಅದರ ಅಣ್ಣ ಇದು.

ಲೆಕ್ಕ ಸುಲಭ. ರೂಮಿನ ಉದ್ದ, ಅಗಲ, ಎತ್ತರ ಮೀಟರಲ್ಲಿ ಗುಣಿಸಿ. ಬಂದಿದ್ದನ್ನ ಮಾಮೂಲಿ ಮನೆ ಆದ್ರೆ 15ರಿಂದ, ಗಾಳಿ ಸೋರೋ ಹಳೇ ವಿಕ್ಟೋರಿಯನ್ ಮನೆ ಆದ್ರೆ 10ರಿಂದ, ಚೆನ್ನಾಗಿ ಇನ್ಸುಲೇಶನ್ ಇರೋ ಹೊಸ ಮನೆ ಆದ್ರೆ 25ರಿಂದ ಭಾಗಿಸಿ. ಬರೋದೇ ಕಿಲೋವ್ಯಾಟ್. ಉದಾಹರಣೆಗೆ 4.5 ಉದ್ದ, 3.8 ಅಗಲ, 2.5 ಎತ್ತರ ಅಂದ್ರೆ ಸುಮಾರು 43 ಘನ ಮೀಟರ್. ಮಾಮೂಲಿ ಮನೆಗೆ 3 ಕಿಲೋವ್ಯಾಟ್ ಕೂಡ ಬರಲ್ಲ, ಹಳೇ ಮನೆಗೆ 4.3. ಅಂದ್ರೆ ಈ ಸೈಜಿನ ಹಾಲಿಗೆ 4 ಅಥವಾ 5ರ ಸ್ಟವ್ ಧಾರಾಳ ಆಯ್ತು. ಸಣ್ಣದು ತಗೊಂಡು ಧಗಧಗ ಉರಿಸಿ, ಅದೇ ಕಮ್ಮಿ ಹೊಗೆಯ ಗುಟ್ಟು.

5 ಕಿಲೋವ್ಯಾಟ್ ಒಳಗಿದ್ರೆ ಇನ್ನೊಂದು ಲಾಭ, ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಗೋಡೆಗೆ ಗಾಳಿ ಕಿಂಡಿ ಕೊರೆಸೋ ಗೋಜಿಲ್ಲ. ಅದಕ್ಕಿಂತ ಮೇಲಿನ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರ್ ತೂತು ಖಾಯಂ ತೆರೆದಿರಬೇಕು, ಚಳಿಗಾಲದಲ್ಲಿ ಅದರಿಂದ ಬರೋ ತಣ್ಣನೆ ಗಾಳಿ ನಿಮ್ಮ ಕಾಲಿಗೇ. ಗಾಳಿ ಆಡದ ಹಾಗೆ ಬಿಗಿಯಾಗಿ ಕಟ್ಟಿರೋ ಹೊಸ ಮನೇಲಿ ಸಣ್ಣ ಸ್ಟವ್‌ಗೂ ಕಿಂಡಿ ಬೇಕಾಗತ್ತೆ. ಅಂಥ ಮನೆಯೋರು ಹೊರಗಿನ ಗಾಳೀನ ನೇರ ಪೈಪಲ್ಲಿ ಎಳ್ಕೊಳ್ಳೋ ಮಾಡೆಲ್ ಕೇಳಿ.

ನಮ್ಮೋರಿಗೇ ಅಂತ ಒಂದು ವಿಶೇಷ ಎಚ್ಚರಿಕೆ. ಅಡುಗೆಮನೆ, ಹಾಲು ಒಂದೇ ಆಗಿರೋ ಓಪನ್ ಪ್ಲಾನ್ ಮನೇಲಿ ಒಗ್ಗರಣೆಗೆ ಅಂತ ನಾವು ಎಕ್ಸ್‌ಟ್ರಾಕ್ಟರ್ ಫ್ಯಾನ್ ಫುಲ್ ಸ್ಪೀಡಲ್ಲಿ ಹಾಕ್ತೀವಿ. ಆ ಫ್ಯಾನ್ ರೂಮಿನ ಗಾಳಿ ಎಳೀತಿದ್ರೆ ಚಿಮ್ಣಿಯಿಂದ ಮೇಲೆ ಹೋಗಬೇಕಾದ ಹೊಗೆ ವಾಪಸ್ ಕೆಳಗೆ ಬರತ್ತೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಾಸನೆ ಇಲ್ಲದ ವಿಷಾನೂ ಬರತ್ತೆ. ಇನ್‌ಸ್ಟಾಲರ್ ಬಂದಾಗ ಫ್ಯಾನ್ ಹಾಕಿಸೇ ಹೊಗೆ ಪರೀಕ್ಷೆ ಮಾಡಿಸಿ. ನಾವು ಅಡುಗೆ ಜಾಸ್ತಿ ಮಾಡೋರು, ಫ್ಯಾನ್ ದಿನಾ ಓಡತ್ತೆ ಅಂತ ಬಾಯ್ಬಿಟ್ಟು ಹೇಳಿ, ಅವರಾಗೇ ಕೇಳಲ್ಲ.

4. ಲೇಬಲ್ ಮೂರು, ಮೂರೂ ಬೇರೆ ಬೇರೆ

ಅಂಗಡೀಲಿ "ಇದು ಇಕೋ ಸ್ಟವ್ ಸರ್, ಎಲ್ಲಾ ಕಡೆ ನಡೆಯತ್ತೆ" ಅಂದ್ರೆ ನಂಬಬೇಡಿ.

ಡೆಫ್ರಾ ಎಕ್ಸೆಂಪ್ಟ್: ನಿಮಗೆ ಕಾನೂನು ಪ್ರಕಾರ ಬೇಕಾಗಿರೋದು ಇದು. ಎಕ್ಸೆಂಪ್ಟ್ ಅಂದ್ರೆ ವಿನಾಯಿತಿ, ಹೊಗೆ ನಿಯಂತ್ರಣ ಇರೋ ಜಾಗದಲ್ಲೂ ಇದರಲ್ಲಿ ಸೌದೆ ಉರಿಸಬಹುದು ಅಂತ. ಪರೀಕ್ಷೆಯ ಮಿತಿ ಗಂಟೆಗೆ 5 ಗ್ರಾಂ ಹೊಗೆ, ಅದರ ಮೇಲೆ ಪ್ರತಿ 0.3 ಕಿಲೋವ್ಯಾಟಿಗೆ 0.1 ಗ್ರಾಂ, ಅಂದ್ರೆ 5 ಕಿಲೋವ್ಯಾಟಿನ ಸ್ಟವ್‌ಗೆ ಗಂಟೆಗೆ ಆರೂವರೆ ಗ್ರಾಂ ಚಿಲ್ಲರೆ. ಗಾಳಿ ಕಮ್ಮಿ ಮಾಡಿ ಸಣ್ಣಗೆ ಉರಿಸಿದಾಗಲೂ ಹೊಗೆ ಮಿತಿಯೊಳಗೆ ಇರತ್ತಾ ಅಂತ ಇದರಲ್ಲಿ ನೋಡ್ತಾರೆ.

ಇಕೋಡಿಸೈನ್: 2022ರ ಜನವರಿ 1ರಿಂದ ಹೊಸದಾಗಿ ಮಾರೋ ಎಲ್ಲಾ ಸ್ಟವ್‌ಗೂ ಕಡ್ಡಾಯ. ಮುಚ್ಚಿದ ಬಾಗಿಲಿನ ಸೌದೆ ಸ್ಟವ್‌ಗೆ ಘನ ಮೀಟರ್ ಹೊಗೇಲಿ ಕಣ 40 ಮಿಲಿಗ್ರಾಂ, ಕಾರ್ಬನ್ ಮೊನಾಕ್ಸೈಡ್ 1500 ಮಿಲಿಗ್ರಾಂ ದಾಟಬಾರದು, ದಕ್ಷತೆ ಶೇ 65ಕ್ಕೆ ಕಮ್ಮಿ ಇರಬಾರದು. ಆದ್ರೆ ಈ ಅಳತೆ ಸ್ಟವ್ ಪೂರ್ತಿ ಜೋರಲ್ಲಿ ಉರಿಯುವಾಗಿಂದು. ಅದಕ್ಕೇ ಇಕೋಡಿಸೈನ್ ಇದೆ ಅಂದ ಮಾತ್ರಕ್ಕೆ ಡೆಫ್ರಾ ವಿನಾಯಿತಿ ಇದೆ ಅಂತಲ್ಲ, ಎರಡೂ ಇರಬೇಕು.

ಕ್ಲಿಯರ್‌ಸ್ಕೈಸ್: ಇದು ಕಾನೂನಲ್ಲ, ಸ್ಟವ್ ಉದ್ಯಮದ ಕಡೆಯಿಂದ ಬಂದ ಸ್ವಯಂಪ್ರೇರಿತ ಶ್ರೇಣಿ. ಲೆವೆಲ್ 4 ಮತ್ತು 5 ಅಂದ್ರೆ ಇಕೋಡಿಸೈನ್ ಮಿತಿಗಿಂತ ಕಮ್ಮಿ ಹೊಗೆ. ಎರಡು ಮಾಡೆಲ್ ನಡುವೆ ತೂಗಿ ನೋಡೋಕೆ ಒಳ್ಳೇದು, ದುಡ್ಡಿನ ವ್ಯತ್ಯಾಸ ಹೆಚ್ಚಿಲ್ಲಾಂದ್ರೆ 5 ತಗೊಳ್ಳಿ.

ಈಗ ಪರೀಕ್ಷೆ ಮಾಡೋ ವಿಧಾನ. ಡೆಫ್ರಾ ವೆಬ್‌ಸೈಟಲ್ಲಿ ವಿನಾಯಿತಿ ಇರೋ ಸ್ಟವ್‌ಗಳ ಪಟ್ಟಿ ಇದೆ, ಅದರಲ್ಲಿ ಮಾಡೆಲ್ ಹೆಸರನ್ನ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಒಂದೇ ಹೆಸರು, ಕೊನೇಲಿ ಎರಡಕ್ಷರ "ಎಸ್‌ಇ" ಇದ್ರೆ ಅನುಮತಿ ಇದೆ, ಇಲ್ಲಾಂದ್ರೆ ಇಲ್ಲ, ಹೀಗಿರೋ ಮಾಡೆಲ್‌ಗಳು ಸುಮಾರಿವೆ. ನಮಗೆ ಪರಿಚಯದ ಒಬ್ಬರು ಹಾಗೇ ಮೋಸ ಹೋಗಿ ವಾಪಸ್ ಕೊಡೋಕೆ ಒಂದು ತಿಂಗಳು ಅಲೆದ್ರು. ಪಟ್ಟೀಲಿ ಆ ಸ್ಟವ್‌ಗೆ ಯಾವ ಇಂಧನಕ್ಕೆ ಅನುಮತಿ ಅಂತಾನೂ ಬರೆದಿರತ್ತೆ, ಮ್ಯಾನುವಲ್ ನಂಬರ್ ಕೂಡ ಇರತ್ತೆ. ಅದೇ ಇಂಧನ, ಅದೇ ಮ್ಯಾನುವಲ್ ಪ್ರಕಾರ ಉರಿಸಿದ್ರೆ ಮಾತ್ರ ವಿನಾಯಿತಿ. ಹಸಿ ಸೌದೆ ತುರುಕಿ ದಟ್ಟ ಹೊಗೆ ಬಿಟ್ಟು ಆಮೇಲೆ ಸರ್ಟಿಫಿಕೇಟ್ ತೋರಿಸಿದ್ರೆ ಕೌನ್ಸಿಲ್ ಕೇಳಲ್ಲ.

ಇನ್ನೊಂದು ಚಿಕ್ಕ ವಿಷ್ಯ. ಹಲವು ಮಾಡೆಲಲ್ಲಿ ಗಾಳಿ ಕಿಂಡಿಯ ಹಿಡಿ ಪೂರ್ತಿ ಮುಚ್ಚಕ್ಕಾಗದ ಹಾಗೆ ಒಂದು ಸಣ್ಣ ಸ್ಕ್ರೂನೋ ತಡೆಯೋ ತುಂಡೋ ಹಾಕಿರ್ತಾರೆ. "ಇದೇನಿದು ಸಿಕ್ಕಾಕ್ಕೊಂಡಿದೆ, ಪೂರ್ತಿ ಮುಚ್ತಾ ಇಲ್ಲ" ಅಂತ ಸ್ಕ್ರೂಡ್ರೈವರ್ ತಗೊಂಡು ಅದನ್ನ ತೆಗೆದುಬಿಡೋ ಬುದ್ಧಿವಂತರಿದ್ದಾರೆ. ಅದು ರಿಪೇರಿ ಅಲ್ಲ, ವಿನಾಯಿತಿ ಕೊಡಿಸಿರೋದೇ ಆ ಸ್ಕ್ರೂ!

ಸೆಕೆಂಡ್ ಹ್ಯಾಂಡ್ ಸ್ಟವ್ ಬಗ್ಗೆ: ಅಗ್ಗಕ್ಕೆ ಸಿಗತ್ತೆ, ಬೇಡ. ಹಳೇದಕ್ಕೆ ವಿನಾಯಿತಿ ಇರೋದು ಅಪರೂಪ, ಮ್ಯಾನುವಲ್ ಇರಲ್ಲ, ಬಾಗಿಲಿನ ಹಗ್ಗದ ಸೀಲ್ ಹೋಗಿರತ್ತೆ.

5. ಬರೀ ಸೌದೆದಾ, ಮಲ್ಟಿಫ್ಯೂಯೆಲ್ಲಾ

ಮಲ್ಟಿಫ್ಯೂಯೆಲ್ ಅಂದ್ರೆ ಸೌದೆ, ಹೊಗೆ ಇಲ್ಲದ ಕಲ್ಲಿದ್ದಲು ಉಂಡೆ ಎರಡೂ ಹಾಕಬಹುದಾದ್ದು, ಕೆಳಗೆ ಜಾಲರಿ ಇರತ್ತೆ. ಸೌದೆ ಬೂದಿ ಹಾಸಿನ ಮೇಲೆ ಚೆನ್ನಾಗಿ ಉರಿಯತ್ತೆ, ಮೇಲಿಂದ ಬರೋ ಗಾಳಿ ಅದಕ್ಕೆ ಬೇಕು, ಕಲ್ಲಿದ್ದಲಿಗೆ ಕೆಳಗಿಂದ ಗಾಳಿ ಬೇಕು. ನೀವು ಸೌದೆ ಮಾತ್ರ ಹಾಕೋರಾದ್ರೆ ಸೌದೆದೇ ತಗೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಿ ಉರಿಸೋದಂತೂ ಬೇಡ, ಸೌದೆ ತೇವಾನೂ ಕಲ್ಲಿದ್ದಲ ಗಂಧಕಾನೂ ಸೇರಿ ಆಮ್ಲ ಆಗಿ ಲೈನರ್ ತಿಂದುಹಾಕತ್ತೆ. ಮಾಮೂಲಿ ಮನೆ ಕಲ್ಲಿದ್ದಲು 2023ರ ಮೇ ಇಂದ ಇಂಗ್ಲೆಂಡಲ್ಲಿ ಮಾರಾಟಕ್ಕೇ ಇಲ್ಲ.

6. ಹಾಕೋನು ಯಾರು

ಹೀಟಾಸ್ ಥರದ ಸಂಸ್ಥೇಲಿ ನೋಂದಣಿ ಆಗಿರೋ ಇನ್‌ಸ್ಟಾಲರ್ ಹಾಕಿದ್ರೆ ಅವರೇ ಕೆಲಸಕ್ಕೆ ಸರ್ಟಿಫಿಕೇಟ್ ಕೊಡ್ತಾರೆ, ಕೌನ್ಸಿಲ್‌ಗೂ ತಿಳಿಸ್ತಾರೆ. ಪರಿಚಯದ ಬಿಲ್ಡರ್ ಕೈಲಿ ಹಾಕಿಸಿದ್ರೆ ನೀವೇ ಮೊದಲು ಬಿಲ್ಡಿಂಗ್ ಕಂಟ್ರೋಲ್‌ಗೆ, ಅಂದ್ರೆ ಕಟ್ಟಡ ಕೆಲಸ ಪರೀಕ್ಷೆ ಮಾಡೋ ವಿಭಾಗಕ್ಕೆ, ಅರ್ಜಿ ಹಾಕಿ, ಫೀಸ್ ಕಟ್ಟಿ, ಇನ್‌ಸ್ಪೆಕ್ಷನ್ ಮಾಡಿಸ್ಬೇಕು. ಆ ಕಾಗದ ಇಲ್ದೆ ನಾಳೆ ಮನೆ ಮಾರೋವಾಗ ಕೊಳ್ಳೋರ ಸಾಲಿಸಿಟರ್ (ವಕೀಲರು) ಮೊದಲು ಕೇಳೋದೇ ಅದನ್ನ. ಮೂರು ಕೊಟೇಶನ್ ತಗೊಳ್ಳಿ, ಮನೆಗೆ ಬಂದು ನೋಡ್ದೆ ಫೋನಲ್ಲೇ ರೇಟ್ ಹೇಳೋನನ್ನ ಬಿಟ್ಟುಬಿಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಸೀಲಿಂಗಲ್ಲಿ ಗೋಡೆಯಿಂದ 30 ಸೆಂಟಿಮೀಟರ್ ಬಿಟ್ಟು, ಸ್ಟವ್‌ನಿಂದ 1ರಿಂದ 3 ಮೀಟರ್ ದೂರದಲ್ಲಿ ಇರಬೇಕು. ಬೆಳಿಗ್ಗೆ ದೇವರ ಮನೆ ಧೂಪಕ್ಕೆ ಹೊಡ್ಕೊಳ್ಳೋದು ಹೊಗೆ ಅಲಾರಂ, ಅದು ಬೇರೆ, ಇದು ಬೇರೆ, ಎರಡೂ ಬೇಕು.

7. ಸೌದೆ: ಸ್ಟವ್‌ಗಿಂತ ಇದು ಮುಖ್ಯ

ಹಂಡೆ ಒಲೆ ಹಚ್ಚಿ ಬೆಳೆದೋರಿಗೆ ಇದನ್ನ ಹೇಳಿಕೊಡೋದೇ ಬೇಡ. ಮಳೆಗಾಲದಲ್ಲಿ ಹಸಿ ಸೌದೆ ಹಾಕಿ ಊದುಕೊಳವೆ ಊದಿ ಊದಿ ಕಣ್ಣಲ್ಲಿ ನೀರು ಬಂದಿದ್ದು ನೆನಪಿದ್ರೆ ಸಾಕು, ಇಲ್ಲೂ ಅದೇ ಭೌತಶಾಸ್ತ್ರ. ಹೊಸದಾಗಿ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಹತ್ತು ಕೆಜಿ ಹಸಿ ಸೌದೇಲಿ ಐದು ಲೀಟರ್ ನೀರು. ನಿಮ್ಮ ಬೆಂಕಿ ಮೊದಲು ಆ ನೀರು ಕುದಿಸ್ಬೇಕು, ಆಮೇಲೆ ನಿಮ್ಮ ರೂಮು ಬಿಸಿ ಮಾಡ್ಬೇಕು. ಒಣಗಿದ ಸೌದೆ ಕೆಜಿಗೆ ಸುಮಾರು 4 ಕಿಲೋವ್ಯಾಟ್ ಅವರ್ ಕೊಡತ್ತೆ, ಹಸಿದು ಎರಡು ಚಿಲ್ಲರೆ ಅಷ್ಟೇ.

2021ರ ಮೇ 1ರಿಂದ ಇಂಗ್ಲೆಂಡಲ್ಲಿ 2 ಘನ ಮೀಟರ್‌ಗಿಂತ ಕಮ್ಮಿ ಪ್ರಮಾಣದಲ್ಲಿ ಮಾರೋ ಸೌದೆ ತೇವಾಂಶ ಶೇ 20ರ ಒಳಗಿರಬೇಕು, ಚೀಲದ ಮೇಲೆ "ರೆಡಿ ಟು ಬರ್ನ್" ಗುರುತು ಇರತ್ತೆ. ಅದಿಲ್ಲದ್ದು ಬೇಡ. ಜೊತೆಗೊಂದು ತೇವಾಂಶ ಮೀಟರ್ ತಗೊಳ್ಳಿ, ಎರಡು ಮುಳ್ಳಿರೋ ಪುಟ್ಟ ಯಂತ್ರ. ತುಂಡಿನ ಹೊರಮೈಗೆ ಚುಚ್ಚಿ ನೋಡೋದು ವೇಸ್ಟ್, ಹೊರಗೆ ಯಾವಾಗಲೂ ಒಣಗೇ ಇರತ್ತೆ. ಕೊಡಲಿ ತಗೊಂಡು ತುಂಡನ್ನ ಸೀಳಿ, ಆಗ ತಾನೇ ತೆರೆದ ಒಳಮೈಗೆ ಚುಚ್ಚಿ. ಕಳೆದ ಚಳಿಗಾಲ ಒಂದು ಚೀಲ ತಂದು ಹೊರಗೆ ಚುಚ್ಚಿದ್ರೆ 16, ಸೀಳಿ ಒಳಗೆ ಚುಚ್ಚಿದ್ರೆ 27. ಮೂಗಿಗೆ ಹಿಡಿದ್ರೆ ಹಸಿ ಮರದ ಹುಳಿ ವಾಸನೆ ಬೇರೆ. ವಾಪಸ್ ಕೊಟ್ಟು ಬಂದೆ.

5 ಕಿಲೋವ್ಯಾಟ್ ಸ್ಟವ್ ಗಂಟೆಗೆ ಒಂದೂವರೆ ಕೆಜಿ ತಿನ್ನತ್ತೆ, ಸಂಜೆ ಹೊತ್ತು ಐದು ತಾಸು ಉರಿಸಿದ್ರೆ ಏಳೂವರೆ ಕೆಜಿ. ಇಡೋಕೆ ಜಾಗ ಇದೆಯಾ ಯೋಚ್ನೆ ಮಾಡಿ. ಮೇಲೆ ಮುಚ್ಚಿಗೆ, ಪಕ್ಕದಲ್ಲಿ ಗಾಳಿ ಆಡೋ ಹಾಗೆ ಜೋಡಿಸಿ. ಟಾರ್ಪಾಲಲ್ಲಿ ಪೂರ್ತಿ ಸುತ್ತಿಟ್ರೆ ಒಳಗೇ ಬೂಷ್ಟು ಹಿಡಿಯತ್ತೆ.

ತುಂಬಾ ಜನ ಕೇಳ್ತಾರೆ, ತೆಂಗಿನ ಕರಟ ಹಾಕಬಹುದಾ? ವಾರಕ್ಕೆ ನಾಲ್ಕು ಕಾಯಿ ಒಡೆಯೋ ಮನೆಗಳಲ್ಲಿ ಆಸೆ ಸಹಜ. ಆದ್ರೆ ನಿಮ್ಮ ಸ್ಟವ್‌ನ ಅನುಮತಿ ಪಟ್ಟೀಲಿ ಸೌದೆ ತುಂಡು ಅಂತ ಮಾತ್ರ ಇದ್ರೆ ಕರಟ ಅದರಲ್ಲಿ ಇಲ್ಲ. ಹಳೇ ಪ್ಯಾಲೆಟ್ (ಸಾಮಾನು ಸಾಗಿಸೋ ಮರದ ಚೌಕಟ್ಟು), ಬಣ್ಣ ಬಳಿದ ಮರ, ಎಂಡಿಎಫ್ (ಮರದ ನಾರು ಅಂಟು ಸೇರಿಸಿ ಮಾಡಿದ ಹಲಗೆ), ಕಸ ಯಾವುದೂ ಬೇಡವೇ ಬೇಡ, ಅದರ ಹೊಗೇಲಿ ಬೇರೆ ವಿಷ ಇರತ್ತೆ.

8. ಉರಿಸೋ ಕ್ರಮ

ನಮ್ಮ ಒಲೆ ಅಭ್ಯಾಸಕ್ಕೆ ಇಲ್ಲಿ ಸ್ವಲ್ಪ ಉಲ್ಟಾ. ನಾವು ಕೆಳಗೆ ಚಕ್ಕೆ ಇಟ್ಟು ಮೇಲೆ ಸೌದೆ ಇಡ್ತೀವಿ. ಇಲ್ಲಿ ಕೆಳಗೆ ಎರಡು ಮಧ್ಯಮ ತುಂಡು, ಅದರ ಮೇಲೆ ಅಡ್ಡಡ್ಡ ಸಣ್ಣ ಚಕ್ಕೆ, ತುತ್ತ ತುದೀಲಿ ಬೆಂಕಿ ಹಚ್ಚೋ ಉಂಡೆ. ಬೆಂಕಿ ಮೇಲಿಂದ ಕೆಳಗೆ ಇಳಿಯತ್ತೆ, ಸೌದೆಯಿಂದ ಏಳೋ ಹೊಗೆ ಮೇಲಿನ ಉರಿಯೊಳಗೇ ಸುಟ್ಟುಹೋಗತ್ತೆ. ಕಿಂಡಿ ಪೂರ್ತಿ ತೆರೆದಿಟ್ಟು ಹಚ್ಚಿ, ಚೆನ್ನಾಗಿ ಹತ್ತಿದ ಮೇಲೆ ನಿಧಾನ ಕಮ್ಮಿ ಮಾಡಿ, ಆದ್ರೆ ಜ್ವಾಲೆ ಕಾಣ್ತಿರಬೇಕು. ಕೆಂಡ ಆದ್ಮೇಲೆ ಒಂದೋ ಎರಡೋ ತುಂಡು ಹಾಕಿ, ಹಾಕಿದ ತಕ್ಷಣ ಮತ್ತೆ ಕಿಂಡಿ ತೆರೀರಿ. ರಾತ್ರಿ ಮಲಗೋವಾಗ ಬಾಯಿ ತುಂಬಾ ತುಂಬಿ ಗಾಳಿ ಮುಚ್ಚಿ "ಬೆಳಿಗ್ಗೆವರೆಗೂ ಕೆಂಡ ಇರ್ಲಿ" ಅನ್ನೋದು ಅತಿ ಕೆಟ್ಟ ಅಭ್ಯಾಸ, ಅಕ್ಕಪಕ್ಕದೋರು ದೂರು ಕೊಡೋದೇ ಈ ಹೊತ್ತಿನ ಹೊಗೆಗೆ.

ಹತ್ತು ನಿಮಿಷ ಬಿಟ್ಟು ಹೊರಗೆ ರಸ್ತೆಗೆ ಹೋಗಿ ನಿಮ್ಮ ಚಿಮ್ಣಿ ನೋಡಿ. ಏನೂ ಕಾಣ್ತಿಲ್ವಾ, ಬಿಸಿ ಗಾಳಿ ಮಾತ್ರ ನಡುಗ್ತಿದ್ಯಾ, ಸರಿ ಇದೆ. ಬೂದು ಹೊಗೆ ಬರ್ತಿದ್ರೆ ಒಂದೋ ಸೌದೆ ಹಸಿ, ಇಲ್ಲಾ ಗಾಳಿ ಸಾಲ್ತಿಲ್ಲ.

ಹೊಸ ಸ್ಟವ್‌ನಲ್ಲಿ ಮೊದಲ ಎರಡು ಮೂರು ಬಾರಿ ಸಣ್ಣ ಬೆಂಕಿ ಮಾತ್ರ, ಬಣ್ಣ ಕಾದು ಗಟ್ಟಿಯಾಗುವಾಗ ಘಾಟು ವಾಸನೆ ಬರತ್ತೆ, ಕಿಟಕಿ ತೆಗೆದಿಡಿ, ಮಕ್ಕಳನ್ನ ಬೇರೆ ರೂಮಿಗೆ ಕಳಿಸಿ. ಬೂದಿ ತೆಗೆಯೋವಾಗ ಅದು ತಣ್ಣಗಾಗಿದೆ ಅಂತ ಕಂಡ್ರೂ ಒಳಗೆ ಕೆಂಡ ಒಂದು ದಿನದ ಮೇಲೂ ಜೀವಂತ ಇರಬಹುದು, ಪ್ಲಾಸ್ಟಿಕ್ ಬಿನ್ನಿಗೆ ಸುರೀಬೇಡಿ, ಮುಚ್ಚಳ ಇರೋ ಲೋಹದ ಡಬ್ಬಿ ಇಟ್ಕೊಳ್ಳಿ. ಚಿಮ್ಣಿ ಸ್ವೀಪ್ ವರ್ಷಕ್ಕೊಂದ್ಸಲ ಆದ್ರೂ ಬರಬೇಕು, ದಿನಾ ಉರಿಸೋರು ಎರಡು ಸಲ ಮಾಡಿಸಿ. ಅಕ್ಟೋಬರಲ್ಲಿ ಅವರು ಸಿಗೋದೇ ಇಲ್ಲ, ಬೇಸಿಗೇಲೇ ಬುಕ್ ಮಾಡಿ, ಅವರು ಕೊಡೋ ಚೀಟಿ ಇನ್ಶೂರೆನ್ಸ್ ಕಾಗದದ ಜೊತೆಗೇ ಇಡಿ.